ಎರಡು ದೇಶಗಳು ಜಗಳಕ್ಕೆ ಬಿದ್ದರೆ ಕುವೈತ್‌ನಲ್ಲಿರುವ ನಮ್ಮವರನ್ನು ವಾಪಸ್ ಕಳಿಸುತ್ತಾರಾ?

ಪ್ರಶ್ನೆ: ನಮ್ಮ ಊರು ಕುಂದಾಪುರದ ಹತ್ತಿರ. ನನ್ನ ತಮ್ಮ ಕುವೈತ್‌ನಲ್ಲಿ ಒಂದು ಮನೆಯ ಡ್ರೈವರ್. ಚಿಕ್ಕಮ್ಮನ ಮಗಳು, ವಯಸ್ಸು 27, ಅಲ್ಲೇ ಇನ್ನೊಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ಏಜೆಂಟ್ ಅವಳನ್ನು ಮೊದಲು ದುಬೈಗೆ ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿಂದ ಕುವೈತ್‌ಗೆ ದಾಟಿಸಿದ್ದ. ಅಮೆರಿಕದವರು ಬೇಡಿ ಹಾಕಿ ಭಾರತೀಯರನ್ನು ವಿಮಾನದಲ್ಲಿ ಕಳಿಸಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅಮ್ಮನಿಗೆ ನೆಮ್ಮದಿ ಇಲ್ಲ. ಕುವೈತ್ ಹಿಂದೆ ಫಿಲಿಪೀನ್ಸ್ ಜೊತೆ ಜಗಳವಾಡಿ ಅವರ ರಾಯಭಾರಿಯನ್ನೇ ಹೊರಗೆ ಕಳಿಸಿತ್ತಂತೆ. ನಾಳೆ ನಮ್ಮ ದೇಶದ ಜೊತೆ ಹಾಗೇ ಆದರೆ ಇವರಿಬ್ಬರ ಗತಿ ಏನು? ಬಾಕಿ ಸಂಬಳ ಸಿಗುತ್ತಾ?

ಉತ್ತರ: ಮೊದಲು ಅಮ್ಮನಿಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ರೆಸಿಡೆನ್ಸಿ, ಅಂದರೆ ಅಲ್ಲಿ ಇರಲು ಕೊಟ್ಟ ಪರವಾನಗಿ, ಸರಿಯಾಗಿದ್ದು, ವೀಸಾ ಕೊಟ್ಟ ಕಫೀಲ್ (ಅಲ್ಲಿನ ಜಾಮೀನುದಾರ ಮಾಲೀಕ) ಹತ್ತಿರವೇ ದುಡಿಯುತ್ತಿರುವ ಡ್ರೈವರ್ ಒಬ್ಬನನ್ನು ದೆಹಲಿಯ ಮೇಲಿನ ಸಿಟ್ಟಿಗೆ ವಿಮಾನ ಹತ್ತಿಸುವ ಸಾಧ್ಯತೆ ತೀರಾ ಕಡಿಮೆ. ನನಗೆ ಚಿಂತೆ ಇರುವುದು ನಿಮ್ಮ ತಂಗಿಯ ಬಗ್ಗೆ. ಅದೂ ಅವಳನ್ನು ಹೊರಗೆ ಹಾಕುತ್ತಾರೆ ಅಂತಲ್ಲ. ಇಂಥ ಜಗಳಗಳಲ್ಲಿ ಕೆಲಸದವರು ಹೊರಗೆ ಬೀಳುವುದಕ್ಕಿಂತ ಒಳಗೇ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಫಿಲಿಪೀನ್ಸ್ ಕಥೆಯನ್ನು ಪೂರ್ತಿ ಕೇಳಿದರೆ ಇದು ಅರ್ಥವಾಗುತ್ತದೆ. ಪತ್ರಿಕೆಗಳಲ್ಲಿ ರಾಯಭಾರಿಯ ಸುದ್ದಿ ಮಾತ್ರ ದೊಡ್ಡದಾಗಿ ಬಂತು.

2018ರ ಫೆಬ್ರವರಿ. ಕುವೈತ್‌ನ ಒಂದು ಖಾಲಿ ಫ್ಲ್ಯಾಟಿನ ಫ್ರೀಜರ್‌ನಲ್ಲಿ ಫಿಲಿಪೀನ್ಸ್‌ನ 29 ವರ್ಷದ ಮನೆಕೆಲಸದ ಹೆಣ್ಣುಮಗಳ ಶವ ಸಿಕ್ಕಿತು. ಕೆಲಸ ಕೊಟ್ಟಿದ್ದ ದಂಪತಿ ಯಾವಾಗಲೋ ದೇಶ ಬಿಟ್ಟಿದ್ದರು. ಶವ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು. ಫಿಲಿಪೀನ್ಸ್ ಜನ ಕೆರಳಿದರು. ಅಧ್ಯಕ್ಷ ಡುಟರ್ಟೆ ಕುವೈತ್‌ಗೆ ಹೊಸದಾಗಿ ಯಾರೂ ಕೆಲಸಕ್ಕೆ ಹೋಗಕೂಡದು ಎಂದು ಆದೇಶಿಸಿದರು. ಬರಲು ಇಷ್ಟ ಇರುವವರನ್ನು ಕರೆತರಲು ವಿಮಾನದ ವ್ಯವಸ್ಥೆಯನ್ನೂ ಮಾಡಿಸಿದರು. ಆಗ ಕುವೈತ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಫಿಲಿಪೀನೋಗಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಕೆಲಸದವರು.

ಏಪ್ರಿಲ್‌ನಲ್ಲಿ ಒಂದು ವಿಡಿಯೋ ಹೊರಬಿತ್ತು. ಫಿಲಿಪೀನ್ಸ್ ರಾಜಧಾನಿ ಮನಿಲಾದಿಂದ ಹೋದ ತಂಡ ಮತ್ತು ಎಂಬಸಿಯವರು ಸೇರಿ ಮನೆಯೊಂದರ ಹೊರಗೆ ಕಾರು ನಿಲ್ಲಿಸಿ, ಒಳಗಿಂದ ಓಡಿಬಂದ ಕೆಲಸದವಳನ್ನು ಹತ್ತಿಸಿಕೊಂಡು ಹೋಗುವ ದೃಶ್ಯ. ಫಿಲಿಪೀನ್ಸ್‌ನಲ್ಲಿ ಅದಕ್ಕೆ ಚಪ್ಪಾಳೆ. ಕುವೈತ್‌ನಲ್ಲಿ ಸಿಟ್ಟು: ನಮ್ಮ ನೆಲದಲ್ಲಿ ನಮ್ಮ ಪೊಲೀಸರನ್ನು ಕೇಳದೆ ಮನೆಗಳಿಗೆ ಹೋಗಲು ಇವರು ಯಾರು? ಏಪ್ರಿಲ್ 24ಕ್ಕೆ ವಿದೇಶಾಂಗ ಕಾರ್ಯದರ್ಶಿ ಅಲನ್ ಪೀಟರ್ ಕಾಯೆಟಾನೊ ಕ್ಷಮೆ ಕೇಳಿದರು. ಉಪಯೋಗ ಆಗಲಿಲ್ಲ. ಮರುದಿನವೇ ರಾಯಭಾರಿ ರೆನಾಟೊ ವಿಲಾ ಅವರಿಗೆ ಒಂದು ವಾರದಲ್ಲಿ ದೇಶ ಬಿಡಲು ಹೇಳಿದರು. ಕುವೈತ್ ತನ್ನ ರಾಯಭಾರಿಯನ್ನೂ ಮನಿಲಾದಿಂದ ವಾಪಸ್ ಕರೆಸಿಕೊಂಡಿತು.

ಈಗ ನಿಮ್ಮ ಪ್ರಶ್ನೆಗೆ ಬೇಕಾದ ಭಾಗ. ಎಂಬಸಿಯವರು ಹೀಗೆ ಕಾರು ತೆಗೆದುಕೊಂಡು ಯಾಕೆ ಹೋಗಬೇಕಾಯಿತು? ಕೆಲಸದವಳು ತಾನೇ ಬಾಗಿಲು ತೆಗೆದು ನಡೆದು ಬರಬಹುದಿತ್ತಲ್ವಾ?

ಬರಬಹುದು. ಆದರೆ ಬಂದ ಕೂಡಲೇ ಕಫೀಲ್ ಅವಳ ಮೇಲೆ ಆಬ್ಸ್‌ಕಾಂಡಿಂಗ್ ಕೇಸ್ ಹಾಕಬಹುದು, ಅಂದರೆ 'ನನ್ನ ಕೆಲಸದವಳು ಓಡಿಹೋಗಿದ್ದಾಳೆ' ಅನ್ನುವ ದೂರು. ಹೊಡೆತ ತಿಂದು ಬಂದಿದ್ದಾಳೋ, ಆರು ತಿಂಗಳು ಸಂಬಳ ಸಿಗದೆ ಬಂದಿದ್ದಾಳೋ, ದೂರು ಬರೆಯುವವರು ಅದನ್ನು ಕೇಳುವುದಿಲ್ಲ. ಅಲ್ಲಿಂದ ರೆಸಿಡೆನ್ಸಿ ಹೋಗುತ್ತದೆ. ರಸ್ತೆಯಲ್ಲಿ ಸಿಕ್ಕಿದರೆ ಹಿಡಿಯುತ್ತಾರೆ. ಬೆರಳಚ್ಚು ತೆಗೆದು ಡಿಪೋರ್ಟ್ ಮಾಡುತ್ತಾರೆ. ಮತ್ತೆ ಕುವೈತ್‌ಗೆ ಕಾಲಿಡುವ ಹಾಗಿಲ್ಲ. ಕೋರ್ಟಿನ ತೀರ್ಪೇ ಬೇಕೆಂದಿಲ್ಲ, ಒಳಾಡಳಿತ ಸಚಿವಾಲಯದ ಆದೇಶ ಸಾಕು. ಹಾಗಾಗಿ ಎರಡು ಸರ್ಕಾರಗಳ ನಡುವಿನ ನಿಜವಾದ ಜಗಳ ಇದ್ದದ್ದು ಆ ಕಾರಿನ ಬಗ್ಗೆ ಅಲ್ಲ. ಮನೆಯಿಂದ ಹೊರಬಂದ ಹೆಂಗಸು ಅಪರಾಧಿಯೋ, ದೂರುದಾರಳೋ? ಅದನ್ನು ತೀರ್ಮಾನಿಸುವವರು ಯಾರು? ಇದು ಜಗಳದ ತಿರುಳು.

ಇಷ್ಟೆಲ್ಲ ಕೂಗಾಟ ಆದ ಮೇಲೆ ಕುವೈತ್ ಎರಡೂವರೆ ಲಕ್ಷ ಜನರನ್ನು ಹೊರಗೆ ಹಾಕಿತಾ? ಇಲ್ಲ. ಡುಟರ್ಟೆ ಏಪ್ರಿಲ್ ಕೊನೆಗೆ ನಿಷೇಧ ಶಾಶ್ವತ ಅಂದರು, ಎಲ್ಲರೂ ಊರಿಗೆ ಬನ್ನಿ ಅಂದರು. ಬಹುಪಾಲು ಜನ ಬರಲಿಲ್ಲ. ಊರಲ್ಲಿ ಸಾಲ ಕಾಯುತ್ತಿರುವಾಗ ದೇಶಾಭಿಮಾನಕ್ಕೆ ಯಾರು ಟಿಕೆಟ್ ತಗೊಳ್ತಾರೆ? ಮೇ 11ಕ್ಕೆ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಕಫೀಲ್ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು, ಮೊಬೈಲ್ ಕಿತ್ತುಕೊಳ್ಳಬಾರದು, ಸಂಬಳ ಬ್ಯಾಂಕ್ ಖಾತೆಗೆ ಹಾಕಬೇಕು ಅನ್ನುವಂಥ ಷರತ್ತುಗಳು ಬಂದವು. ಆ ತಿಂಗಳಲ್ಲೇ ನಿಷೇಧವೂ ಹೋಯಿತು. ಜಗಳದಿಂದ ಒಂದಿಷ್ಟು ಲಾಭ ಆಯಿತು ಅಂತಲೇ ಹೇಳಬೇಕು.

ಆದರೆ ಆ ಮೂರು ತಿಂಗಳು ಒಳಗಿದ್ದವರ ಸ್ಥಿತಿ ಯೋಚಿಸಿ. ಒಬ್ಬ ಕೆಲಸದವಳನ್ನು ತರಿಸಲು ಕುವೈತ್‌ನ ಮನೆಯವರು ಏಜೆನ್ಸಿಗೆ ಆಗ ಸಾವಿರ ದಿನಾರ್ ಆಸುಪಾಸು ಕೊಡುತ್ತಿದ್ದರು. ಇರುವವಳು ಹೋದರೆ ಬದಲಿಗೆ ಇನ್ನೊಬ್ಬಳು ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ಇರುವವಳನ್ನು ಬಿಡಲು ಮನಸ್ಸಾಗುವುದಿಲ್ಲ. 'ರಜೆ ಮುಂದಿನ ತಿಂಗಳು ನೋಡೋಣ' ಅನ್ನುತ್ತಾರೆ. ಪಾಸ್‌ಪೋರ್ಟ್ ಬೀರುವಿನ ಒಳಗೆ ಹೋಗುತ್ತದೆ. ಬಾಗಿಲು ಮುಚ್ಚಿದಷ್ಟೂ ಕಫೀಲ್ ಕೈ ಬಿಗಿಯಾಗುತ್ತದೆ. ಸರ್ಕಾರಗಳು ತಮ್ಮ ಪ್ರಜೆಗಳನ್ನು ಕಾಪಾಡಲು ಅಂತ ಹಾಕುವ ನಿಷೇಧದಲ್ಲಿ ಇದೊಂದು ದೊಡ್ಡ ತೂತು.

ಇನ್ನೊಂದು ತೂತು ನಮಗೆ ಹತ್ತಿರದ್ದು. ಭಾರತ ಒಂದು ಕಾಲದಲ್ಲಿ ನಿಯಮ ಮಾಡಿತ್ತು: ಮನೆಕೆಲಸಕ್ಕೆ ಭಾರತೀಯ ಹೆಂಗಸನ್ನು ಕರೆಸುವ ಕುವೈತಿ ಮಾಲೀಕ 720 ದಿನಾರ್, ಅಂದರೆ 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕು. ಸಂಬಳ ಕೊಡದಿದ್ದರೆ, ವಾಪಸ್ ಟಿಕೆಟ್ ಕೊಡದಿದ್ದರೆ ಅದರಿಂದ ತೆಗೆಯುವುದು. ಒಳ್ಳೆಯ ಯೋಚನೆ. ಕುವೈತ್ ಒಪ್ಪಲಿಲ್ಲ, ಭಾರತೀಯ ಹೆಂಗಸರಿಗೆ ಆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಹೆಂಗಸರು ಹೋಗುವುದು ನಿಂತಿತಾ? ಸರಿಯಾದ ದಾರಿ ಮುಚ್ಚಿತು, ಏಜೆಂಟರ ದಾರಿ ತೆರೆಯಿತು. ವಿಸಿಟ್ ವೀಸಾ, ಮಧ್ಯೆ ಇನ್ನೊಂದು ದೇಶ, ಅಲ್ಲಿಂದ ಕುವೈತ್. ನಿಮ್ಮ ತಂಗಿ ಹೋದ ದಾರಿ ಇದೇ ಜಾತಿಯದು. 2017ರಲ್ಲಿ ಭಾರತವೇ ಗ್ಯಾರಂಟಿಯ ಷರತ್ತನ್ನು ಕೈಬಿಟ್ಟಿತು. 2021ರ ಜೂನ್‌ನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಕುವೈತ್‌ಗೆ ಹೋದಾಗ ಮನೆಕೆಲಸದವರ ಬಗ್ಗೆ ಒಪ್ಪಂದ ಆಯಿತು. ಏಜೆಂಟರ ದಾರಿ ಮಾತ್ರ ಮುಚ್ಚಲಿಲ್ಲ.

ಫಿಲಿಪೀನ್ಸ್ ಕಥೆ 2018ಕ್ಕೆ ಮುಗಿಯಲಿಲ್ಲ. 2023ರ ಜನವರಿಯಲ್ಲಿ ಇನ್ನೊಬ್ಬ ಹೆಣ್ಣುಮಗಳ ಸುಟ್ಟ ಶವ ಕುವೈತ್‌ನ ಮರುಭೂಮಿಯಲ್ಲಿ ಸಿಕ್ಕಿತು. ಕೊಂದವನು ಕೆಲಸದ ಮನೆಯ 17 ವರ್ಷದ ಹುಡುಗ. ಫಿಲಿಪೀನ್ಸ್ ಮೊದಲ ಸಲ ಹೊರಡುವ ಮನೆಕೆಲಸದವರನ್ನು ಕಳಿಸುವುದು ನಿಲ್ಲಿಸಿತು. ಮೇ ತಿಂಗಳಲ್ಲಿ ಕುವೈತ್ ತಿರುಗಿಬಿತ್ತು: ಫಿಲಿಪೀನೋಗಳಿಗೆ ಯಾವ ಹೊಸ ವೀಸಾವೂ ಇಲ್ಲ. ಅದರ ದೂರು ಮತ್ತೆ ಹಳೆಯದೇ. ಎಂಬಸಿ ಓಡಿಬಂದವರಿಗೆ ಆಶ್ರಯ ಮನೆ ನಡೆಸುತ್ತಿದೆ, ನಮ್ಮನ್ನು ಕೇಳದೆ ಕೆಲಸದವರನ್ನು ಹುಡುಕುತ್ತಿದೆ, ಕರಾರಿನಲ್ಲಿ ಷರತ್ತು ಸೇರಿಸಲು ನಮ್ಮ ಪ್ರಜೆಗಳನ್ನು ಒತ್ತಾಯಿಸುತ್ತಿದೆ. ಜಗಳ ಮನೆಕೆಲಸದವರ ಬಗ್ಗೆ. ಏಟು ಬಿದ್ದದ್ದು ಆಸ್ಪತ್ರೆಗೆ, ಹೋಟೆಲಿಗೆ, ಅಂಗಡಿಗೆ ಹೊಸದಾಗಿ ಹೊರಟಿದ್ದ ಎಲ್ಲರಿಗೂ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಇತ್ತು. ವೀಸಾ ಮತ್ತೆ ಶುರುವಾದದ್ದು 2024ರ ಜೂನ್‌ನಲ್ಲಿ.

ಅಮ್ಮ ಟಿವಿಯಲ್ಲಿ ನೋಡಿದ ಅಮೆರಿಕದ ವಿಷಯದಲ್ಲೂ ಇದೇ ಆಯಿತು. 2025ರ ಜನವರಿ 26ರಂದು ಕೊಲಂಬಿಯಾದ ಅಧ್ಯಕ್ಷ ಪೆಟ್ರೊ ಡಿಪೋರ್ಟ್ ಆದವರನ್ನು ಹೊತ್ತ ಅಮೆರಿಕದ ಎರಡು ಮಿಲಿಟರಿ ವಿಮಾನಗಳನ್ನು ಇಳಿಯಲು ಬಿಡಲಿಲ್ಲ. ನಮ್ಮವರನ್ನು ಮರ್ಯಾದೆಯಿಂದ ಕಳಿಸಿ ಅಂದರು. ಟ್ರಂಪ್ ಶೇ 25ರಷ್ಟು ಸುಂಕ ಹಾಕುತ್ತೇನೆ ಅಂದರು. ಅವತ್ತೇ ರಾತ್ರಿ ರಾಜಿ ಆಯಿತು. ಎರಡು ದಿನದಲ್ಲಿ ಕೊಲಂಬಿಯಾದ ವಾಯುಪಡೆಯ ವಿಮಾನಗಳೇ ಹೋಗಿ ಸುಮಾರು 200 ಜನರನ್ನು ಬೇಡಿ ಇಲ್ಲದೆ ಕರೆತಂದವು. ಆದರೆ ಸೋಮವಾರ ಬೆಳಿಗ್ಗೆ ಕೊಲಂಬಿಯಾದ ರಾಜಧಾನಿ ಬೊಗೊಟಾದ ಅಮೆರಿಕನ್ ಎಂಬಸಿಗೆ ವೀಸಾ ಅಪಾಯಿಂಟ್‌ಮೆಂಟ್ ಇಟ್ಟುಕೊಂಡು ಬಂದವರಿಗೆ ಅಪಾಯಿಂಟ್‌ಮೆಂಟ್ ರದ್ದಾಗಿದೆ ಅನ್ನುವ ಉತ್ತರ ಸಿಕ್ಕಿತು. ಆ ವಿಮಾನಗಳಿಗೂ ಅವರಿಗೂ ಏನು ಸಂಬಂಧ? ಭಾರತ ಜಗಳಕ್ಕೆ ಹೋಗಲಿಲ್ಲ. ಫೆಬ್ರವರಿ 5ರಂದು ಅಮೃತಸರದಲ್ಲಿ ಇಳಿದ ವಿಮಾನದಲ್ಲಿ 104 ಜನರಿದ್ದರು. ಬಹುತೇಕ ಎಲ್ಲರೂ ಗುಜರಾತ್, ಹರಿಯಾಣ, ಪಂಜಾಬ್‌ನವರು. ಬೇಡಿ ಹಾಕುವ ಪದ್ಧತಿ 2012ರಿಂದ ಇದೆ ಅಂತ ಜೈಶಂಕರ್ ರಾಜ್ಯಸಭೆಯಲ್ಲಿ ಹೇಳಿದರು. ಆ ಉತ್ತರ ನನಗೆ ಹಿಡಿಸಲಿಲ್ಲ. ಆದರೆ ನಿಮ್ಮ ತಮ್ಮನ ಕೇಸಿಗೂ ಅದಕ್ಕೂ ಹೋಲಿಕೆ ಇಲ್ಲ ಅಂತ ಅಮ್ಮನಿಗೆ ಹೇಳಿ. ಅವರನ್ನು ಕಳಿಸಿದ್ದು ಕಾಗದ ಇಲ್ಲದೆ ಗಡಿ ದಾಟಿದ್ದಕ್ಕೆ.

ಹಾಗಾದರೆ ಜಗಳದ ಸಿಟ್ಟಿಗೆ ಸಾಮೂಹಿಕವಾಗಿ ಹೊರಗೆ ಹಾಕಿದ್ದೇ ಇಲ್ಲವಾ ಅಂದರೆ, ಇದೆ. 1990. ಇರಾಕ್ ಕುವೈತ್‌ಗೆ ನುಗ್ಗಿದಾಗ ಯೆಮನ್ ಸೌದಿಯ ಪರ ನಿಲ್ಲಲಿಲ್ಲ. ಆಗ ಸೌದಿಯಲ್ಲಿ ಲಕ್ಷಗಟ್ಟಲೆ ಯೆಮನಿಗಳಿದ್ದರು. ಅವರಿಗೆ ಕಫೀಲ್ ಬೇಕಿರಲಿಲ್ಲ, ಸ್ವಂತ ಅಂಗಡಿ ಇಟ್ಟುಕೊಳ್ಳಬಹುದಿತ್ತು. ಬೇರೆ ಯಾವ ವಿದೇಶಿಯರಿಗೂ ಇಲ್ಲದ ಸವಲತ್ತು. ಸೆಪ್ಟೆಂಬರ್‌ನಲ್ಲಿ ಸೌದಿ ಒಂದೇ ಆದೇಶದಿಂದ ಅದನ್ನು ಕಿತ್ತುಹಾಕಿತು: ಸೌದಿ ಕಫೀಲ್ ಹುಡುಕಿಕೊಳ್ಳಿ, ಇಲ್ಲವೇ ಹೊರಡಿ. ಕೆಲವೇ ತಿಂಗಳಲ್ಲಿ ಏಳೆಂಟು ಲಕ್ಷ ಜನ ಅಂಗಡಿ, ಗಾಡಿಗಳನ್ನು ಸಿಕ್ಕ ರೇಟಿಗೆ ಮಾರಿ ಗಡಿ ದಾಟಿದರು. ಯೆಮನ್‌ನ ಹೊದೈದಾ ಪಟ್ಟಣದ ಸುತ್ತ ಗುಡಿಸಲು ಕೇರಿಗಳು ಎದ್ದವು. ಆ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಇರಾಕ್ ಮೇಲಿನ ಯುದ್ಧದ ನಿರ್ಣಯದ ವಿರುದ್ಧ ಯೆಮನ್ ಮತ ಹಾಕಿದ ಮೇಲೆ ಅಮೆರಿಕದ ನೆರವೂ ಹೋಯಿತು. ಯುದ್ಧ ಮುಗಿದ ಮೇಲೆ ಕುವೈತ್‌ನಲ್ಲಿದ್ದ ಪ್ಯಾಲೆಸ್ತೀನಿಯರಿಗೂ ಹೀಗೇ ಆಯಿತು. ನಾಲ್ಕು ಲಕ್ಷದಷ್ಟಿದ್ದವರು ಕೆಲವು ಹತ್ತು ಸಾವಿರಕ್ಕೆ ಇಳಿದರು.

ಇದನ್ನು ನೋಡಿ ಹೆದರುವ ಮೊದಲು ವ್ಯತ್ಯಾಸ ಗಮನಿಸಿ. ಯೆಮನಿಗಳ ಬೆನ್ನಿಗೆ ಸೌದಿ ಮಾಲೀಕ ಇರಲಿಲ್ಲ, ಹಾಗಾಗಿ ಅವರನ್ನು ಕಳಿಸಿದಾಗ 'ನನಗೆ ನಷ್ಟ' ಅಂತ ಕೂಗುವ ಸೌದಿಗಳು ಕಡಿಮೆ. ನಿಮ್ಮ ತಮ್ಮನ ಹಿಂದೆ ಒಬ್ಬ ಕುವೈತಿ ಇದ್ದಾನೆ. ಅವನ ಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗಬೇಕಾದರೆ ಇವನು ಗಾಡಿ ತೆಗೆಯಬೇಕು. ಕಫಾಲಾ ಪದ್ಧತಿಯನ್ನು ಹೊಗಳುವುದು ನನ್ನ ಉದ್ದೇಶ ಅಲ್ಲ, ಅದರ ಕೇಡು ಎಷ್ಟು ಅಂತ ಮೇಲೆಯೇ ಬರೆದಿದ್ದೇನೆ. ಆದರೆ ಒಬ್ಬೊಬ್ಬ ಕೆಲಸದವನನ್ನು ಒಬ್ಬೊಬ್ಬ ಮಾಲೀಕನಿಗೆ ಕಟ್ಟಿಹಾಕಿದ ಆ ಹಗ್ಗವೇ ರಾತ್ರೋರಾತ್ರಿ ಹತ್ತು ಲಕ್ಷ ಭಾರತೀಯರನ್ನು ಕಳಿಸುವುದನ್ನು ಕಷ್ಟ ಮಾಡುತ್ತದೆ.

ನಮ್ಮವರು ನಿಜವಾಗಿ ಸಿಕ್ಕಿಹಾಕಿಕೊಂಡದ್ದು 2020ರಲ್ಲಿ. ಆ ಏಪ್ರಿಲ್‌ನಲ್ಲಿ ಕುವೈತ್ ಕ್ಷಮಾದಾನ ಕೊಟ್ಟಿತು. ರೆಸಿಡೆನ್ಸಿ ಮುಗಿದವರು ದಂಡ ಕಟ್ಟದೆ ಹೋಗಬಹುದು, ಟಿಕೆಟ್ ನಮ್ಮದು, ಮುಂದೆ ವಾಪಸ್ ಬರಲೂಬಹುದು ಅಂದಿತು. ಸಾವಿರಾರು ಭಾರತೀಯರು ಹೆಸರು ಬರೆಸಿ, ಇದ್ದ ರೂಮು ಬಿಟ್ಟು, ಕುವೈತ್ ತೋರಿಸಿದ ಶಿಬಿರಗಳಿಗೆ ಹೋದರು. ಆದರೆ ಲಾಕ್‌ಡೌನ್ ಅಂತ ಭಾರತದ ಆಕಾಶವೇ ಮುಚ್ಚಿತ್ತು. ಕಳಿಸುವವರು ತಯಾರು, ಕರೆದುಕೊಳ್ಳುವವರು ತಯಾರಿಲ್ಲ. ಮೇ 7ಕ್ಕೆ ಹೊರದೇಶಗಳಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಸರ್ಕಾರದ ವಂದೇ ಭಾರತ್ ವಿಮಾನಗಳು ಶುರುವಾಗುವವರೆಗೆ ವಾರಗಟ್ಟಲೆ ಅವರು ಅಲ್ಲೇ ಕೂತರು. ಅದೇ ತಿಂಗಳ ಮೊದಲಲ್ಲಿ ಈಜಿಪ್ಟಿನವರ ಶಿಬಿರದಲ್ಲಿ ಗಲಾಟೆಯೇ ಆಯಿತು. ತಮ್ಮ ಪ್ರಜೆಗಳನ್ನು ಕರೆದುಕೊಳ್ಳದ ದೇಶಗಳಿಂದ ಮುಂದೆ ಕೆಲಸಗಾರರನ್ನು ತರಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಅಂತ ಯುಎಇ ಕೂಡ ಆಗ ಎಚ್ಚರಿಸಿತ್ತು.

ಈಗ ನಿಮ್ಮವರಿಬ್ಬರ ವಿಷಯ.

ತಮ್ಮನದು 20ನೇ ಆರ್ಟಿಕಲ್ ವೀಸಾ ಇರಬೇಕು, ನಮ್ಮವರು ಖಾದಿಮ್ ವೀಸಾ ಅನ್ನುತ್ತಾರಲ್ಲ, ಅದು. ಅದರಲ್ಲಿ ವೀಸಾ ಕೊಟ್ಟ ಮನೆಯಲ್ಲಿ ಬಿಟ್ಟು ಬೇರೆಲ್ಲೂ ದುಡಿಯುವ ಹಾಗಿಲ್ಲ. ಸಂಜೆ ಹೊತ್ತು ಇನ್ನೊಬ್ಬರ ಗಾಡಿ ಓಡಿಸಿ ನಾಲ್ಕು ದಿನಾರ್ ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಚೆಕಿಂಗ್‌ನಲ್ಲಿ ಸಿಕ್ಕಿದರೆ ನೇರ ಡಿಪೋರ್ಟೇಶನ್. ದೇಶಗಳ ನಡುವೆ ಬಿಸಿ ಏರಿದಾಗ ಚೆಕಿಂಗೂ ಜಾಸ್ತಿಯಾಗಬಹುದು, ಹಾಗಾಗಿ ಅದು ಬೇಡವೇ ಬೇಡ. ಊರಿಗೆ ಬಂದರೆ ನಾಲ್ಕು ತಿಂಗಳು ದಾಟಿ ಇಲ್ಲಿ ಕೂರಬಾರದು. ಕಫೀಲ್ ಮೊದಲೇ ಅನುಮತಿ ಮಾಡಿಸದಿದ್ದರೆ ರೆಸಿಡೆನ್ಸಿ ಹೋಗುತ್ತದೆ. ಫೋನಿನಲ್ಲಿ ಕುವೈತ್ ಸರ್ಕಾರದ ಸಹೇಲ್ ಆ್ಯಪ್ ಹಾಕಿಕೊಂಡು ರೆಸಿಡೆನ್ಸಿ ತಾರೀಖನ್ನು ತಾನೇ ನೋಡುತ್ತಿರಲಿ. 'ಬಾಬಾ (ಮನೆ ಯಜಮಾನರು) ರಿನ್ಯೂ ಮಾಡಿಸಿದ್ದಾರಂತೆ' ಅನ್ನುವ ಮಾತು ನಂಬಿ ಕೆಟ್ಟವರನ್ನು ನಾನು ಬಹಳ ನೋಡಿದ್ದೇನೆ.

ತಂಗಿಯ ವಿಷಯ ಬೇರೆ. ಕಡಿಮೆ ಓದಿದವರಿಗೆ ಗಲ್ಫ್ ಸೇರಿ 18 ದೇಶಗಳಿಗೆ ಹೋಗಲು ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡಲು ನಮ್ಮ ಸರ್ಕಾರದ ಅನುಮತಿ ಬೇಕು. ಹೆಂಗಸರಾದರೆ 30 ವರ್ಷ ಆಗಿರಬೇಕು, ಸರ್ಕಾರಿ ಏಜೆನ್ಸಿಯ ಮೂಲಕವೇ ಹೋಗಬೇಕು. 27ರ ಅವಳು ದುಬೈ ಸುತ್ತಿ ಹೋದದ್ದು ಇದೆಲ್ಲದರಿಂದ ತಪ್ಪಿಸಿಕೊಳ್ಳಲು. ಅಂದರೆ ಅವಳ ಕರಾರು ನಮ್ಮ ಸರ್ಕಾರದ ಇ-ಮೈಗ್ರೇಟ್ ದಾಖಲೆಯಲ್ಲಿ ಇರುವುದಿಲ್ಲ. ಕ್ಲಿಯರೆನ್ಸ್ ಜೊತೆಗೆ ಬರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬೀಮಾ ಯೋಜನೆಯೂ ಇರುವುದಿಲ್ಲ. ಎರಡು ವರ್ಷಕ್ಕೆ 275 ರೂಪಾಯಿಯ ವಿಮೆ ಅದು. ಏಜೆಂಟ್ ಉಳಿಸಿದ್ದು ಇಷ್ಟನ್ನೇ. ಇದರಿಂದ ಅವಳು ಅಪರಾಧಿ ಆಗುವುದಿಲ್ಲ, ಎಂಬಸಿ ಅವಳಿಗೂ ಸಹಾಯ ಮಾಡಲೇಬೇಕು. ಈಗ ಅವಳ ಸಿವಿಲ್ ಐಡಿ (ಕುವೈತ್ ಸರ್ಕಾರದ ಗುರುತಿನ ಚೀಟಿ) ಇದೆಯಾ, ಅದರಲ್ಲಿ ಬರೆದ ಕಫೀಲ್ ಮನೆಯಲ್ಲೇ ಇದ್ದಾಳಾ, ಮೊದಲು ಇದನ್ನು ಕೇಳಿ. ಬೇರೆ ಮನೆಯಲ್ಲಿದ್ದರೆ ಅವಳಿಗೇ ಗೊತ್ತಿಲ್ಲದಂತೆ ಆಬ್ಸ್‌ಕಾಂಡಿಂಗ್ ಆಗಿರಬಹುದು.

ಕುವೈತ್‌ನಲ್ಲಿ ಮನೆಕೆಲಸದವರಿಗೆ ಕಾನೂನು ಇದೆ, 2015ರ 68ನೇ ನಂಬರಿನದು. ಡ್ರೈವರಿಗೂ ಅನ್ವಯಿಸುತ್ತದೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ, ಬಿಟ್ಟು ಬರುವಾಗ ವರ್ಷಕ್ಕೊಂದು ತಿಂಗಳ ಸಂಬಳದ ಲೆಕ್ಕದಲ್ಲಿ ಗ್ರಾಚುಟಿ. ಸಂಬಳ ತಡವಾದರೆ ತಿಂಗಳಿಗೆ 10 ದಿನಾರ್ ಹೆಚ್ಚುವರಿ. ಕಾಗದದ ಮೇಲೆ ಚೆನ್ನಾಗಿದೆ. ಪಡೆಯಬೇಕಾದರೆ ಅಲ್ಲಿನ ಮ್ಯಾನ್‌ಪವರ್ ಅಥಾರಿಟಿಯ ಮನೆಕೆಲಸ ವಿಭಾಗಕ್ಕೆ ದೂರು ಕೊಡಬೇಕು, ಅದೂ ದೇಶ ಬಿಡುವ ಮುಂಚೆ.

ಇಲ್ಲೇ ಹೆಚ್ಚಿನವರು ಎಡವುವುದು. ಹೊರಡುವ ದಿನ ಕಫೀಲ್ ಅಥವಾ ಅವನ ಮಂದೂಬ್ (ಕಚೇರಿ ಕೆಲಸ ನೋಡಿಕೊಳ್ಳುವ ಪ್ರತಿನಿಧಿ) ಒಂದು ಹಾಳೆ ತರುತ್ತಾನೆ. ಪೂರ್ತಿ ಅರಬ್ಬಿ. ಕೆಳಗೆ ಹೆಬ್ಬೆಟ್ಟಿಗೆ ಜಾಗ. ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಟಿಕೆಟ್. ಹಾಳೆಯಲ್ಲಿ ಇರುವುದು 'ನನಗೆ ಬರಬೇಕಾದ್ದೆಲ್ಲ ಬಂದಿದೆ, ಇನ್ನು ಏನೂ ಬಾಕಿ ಇಲ್ಲ' ಅಂತ. ಟಿಕೆಟ್ ಕಣ್ಣೆದುರು ಇರುವಾಗ ಯಾರೂ ಅದನ್ನು ಓದಿಸಿ ನೋಡುವುದಿಲ್ಲ. ಒತ್ತಿಬಿಡುತ್ತಾರೆ. ಆಮೇಲೆ ಕುಂದಾಪುರದಿಂದ ಎಷ್ಟು ಅರ್ಜಿ ಬರೆದರೂ ಆ ಹೆಬ್ಬೆಟ್ಟು ಅಡ್ಡ ಬರುತ್ತದೆ. ಆದ್ದರಿಂದ ಇಬ್ಬರಿಗೂ ಹೇಳಿ: ಅಂಥ ಹಾಳೆ ಬಂದರೆ ಫೋಟೋ ತೆಗೆದು ಅರಬ್ಬಿ ಬಲ್ಲ ಯಾರಿಗಾದರೂ ಕಳಿಸಿ, ಉತ್ತರ ಬರುವವರೆಗೆ ಸಹಿ ಬೇಡ. ತುರ್ತಾಗಿ ಹೊರಡಲೇಬೇಕಾದರೆ ಎಂಬಸಿಗೆ ಹೋಗಿ, ಅಲ್ಲೇ ಇರುವ ನಂಬಿಕೆಯ ಒಬ್ಬರ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ ಬರಲಿ. ದೂರನ್ನು ಅವರು ಮುಂದುವರಿಸಬಹುದು.

ತಂಗಿಗೆ ಆ ಮನೆಯಲ್ಲಿ ತೊಂದರೆ ಇದ್ದರೆ, ಸ್ನೇಹಿತೆಯ ರೂಮಿಗೆ ಓಡಿಹೋಗಿ ಪಾರ್ಟ್ ಟೈಮ್ ಕೆಲಸ ಹಿಡಿಯುವುದು ಅತಿ ಕೆಟ್ಟ ದಾರಿ. ನೇರ ಭಾರತೀಯ ಎಂಬಸಿಗೆ ಹೋಗಲಿ, ಇಲ್ಲವೇ ಮ್ಯಾನ್‌ಪವರ್ ಅಥಾರಿಟಿಗೆ. ಕಫೀಲ್‌ನ ದೂರಿಗಿಂತ ಮೊದಲು ಇವಳ ದೂರು ದಾಖಲಾದರೆ ಓಡಿಹೋದವಳು ಅಂತ ತೋರಿಸುವುದು ಅಷ್ಟು ಸುಲಭ ಅಲ್ಲ. ಎಂಬಸಿಯ ಕಲ್ಯಾಣ ನಿಧಿಯಿಂದ ಟಿಕೆಟ್, ತಾತ್ಕಾಲಿಕ ವಸತಿ, ವಕೀಲರ ನೆರವು ಸಿಗುತ್ತದೆ. ಇಲ್ಲಿಂದ ನೀವು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ, ನಂಬರ್ ಇಟ್ಟುಕೊಳ್ಳಿ. ಕೇರಳದವರಿಗೆ ಹೊರದೇಶದಲ್ಲಿರುವವರನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೋರ್ಕಾ ಇದೆ. ಅಷ್ಟು ಗಟ್ಟಿಯಾದ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಇನ್ನೂ ಬಂದಿಲ್ಲ ಅನ್ನುವುದು ಬೇಸರದ ವಿಷಯ. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಗೂ ಒಂದು ಪ್ರತಿ ಕಳಿಸಿ.

ಕಾಗದ ಸರಿ ಇಲ್ಲ ಅಂತ ಗೊತ್ತಾದರೆ ಕ್ಷಮಾದಾನ ಬಂದಾಗ ಹೊರಡುವುದು ಜಾಣತನ. 2018ರಲ್ಲಿ ಬಂತು, 2020ರಲ್ಲಿ ಬಂತು, 2024ರ ಮಾರ್ಚ್‌ನಿಂದ ಜೂನ್‌ವರೆಗೂ ಬಂತು. ಕ್ಷಮಾದಾನದಲ್ಲಿ ಹೋದವರು ಹೊಸ ವೀಸಾದಲ್ಲಿ ಮತ್ತೆ ಬರಬಹುದು. ಡಿಪೋರ್ಟ್ ಆಗಿ ಹೋದವರು ಬರುವ ಹಾಗಿಲ್ಲ. ಆದರೆ ಮುಂದಿನದು ಯಾವಾಗ ಅಂತ ಯಾವ ಏಜೆಂಟನಿಗೂ ಗೊತ್ತಿರುವುದಿಲ್ಲ, 'ಬರ್ತದೆ, ಕಾಯಿರಿ' ಅನ್ನುವವರಿಗೆ ದುಡ್ಡು ಕೊಡಬೇಡಿ.

ಅವಳ ಸಂಬಳ ಬ್ಯಾಂಕಿಗೆ ಬರುತ್ತದೋ ಕೈಗೆ ಬರುತ್ತದೋ ನೀವು ಬರೆದಿಲ್ಲ. ಕೈಗೆ ಬರುತ್ತಿದ್ದರೆ ಪ್ರತಿ ತಿಂಗಳು ದುಡ್ಡು ಸಿಕ್ಕ ದಿನವೇ 'ಇಂಥ ತಿಂಗಳದ್ದು ಇಷ್ಟು ದಿನಾರ್ ಸಿಕ್ಕಿತು' ಅಂತ ನಿಮಗೊಂದು ವಾಟ್ಸ್‌ಆ್ಯಪ್ ಮೆಸೇಜ್ ಹಾಕಲಿ. ಸಿಗದ ತಿಂಗಳೂ ಹಾಕಲಿ. ಪಾಸ್‌ಪೋರ್ಟ್, ಸಿವಿಲ್ ಐಡಿಯ ಎರಡೂ ಬದಿ, ಕರಾರು ಇದ್ದರೆ ಅದು, ಕಫೀಲ್ ಮನೆಯ ಲೊಕೇಶನ್, ಇಷ್ಟನ್ನು ಈ ವಾರವೇ ತರಿಸಿಕೊಂಡು ಇಬ್ಬರ ಹೆಸರಲ್ಲೂ ಬೇರೆ ಬೇರೆ ಫೋಲ್ಡರ್ ಮಾಡಿಡಿ. ಅವಳ ಫೋನ್ ಯಾರಾದರೂ ಕಿತ್ತುಕೊಂಡರೂ ದೂರು ಬರೆಯಲು ಬೇಕಾದದ್ದು ನಿಮ್ಮ ಹತ್ತಿರ ಇರುತ್ತದೆ.